ರುಕ್ಮಯ್ಯಣ್ಣನ ಪ್ರಸಾದ

"ಮೂರನೆಯದ್ದು ಎಲ್ಲಿ?" ಎಂದು ಕುಸುಮ ಮೇಡಂ ಕೇಳಿದಾಗ ರುಕ್ಮಯ್ಯ ಪೆನ್ನಿನ ಟೊಪ್ಪಿ ತೆಗೆದ, ಹಾಕಿದ, ಮತ್ತೆ ತೆಗೆದ. ಅವನ ಎದುರಿನ ಕಾಗದದಲ್ಲಿ ಒಂದು, ಎರಡು ಎಂದು ಬರೆದ ಸಾಲುಗಳಿದ್ದವು. ಮೂರು ಎಂಬ ಅಂಕಿಯ ಮುಂದೆ ಏನೂ ಇರಲಿಲ್ಲ.

"ಯೋಚನೆ ಮಾಡ್ತಾ ಇದ್ದೇನೆ ಮೇಡಂ."

"ಯೋಚನೆ ಮಾಡುವಷ್ಟು ಕಷ್ಟದ್ದು ಎಂತ ಉಂಟು ಅದರಲ್ಲಿ? ಈ ವರ್ಷ ನಿಮ್ಮಲ್ಲಿ ಯಾವ ಮೂರು ಸಂಗತಿ ತಿದ್ದಿಕೊಳ್ತೀರಿ, ಅಷ್ಟೇ."

ಕಬಡ್ಡಿ ತೀರ್ಪುಗಾರರ ತರಬೇತಿಗೆಂದು ಮೂಡುಬಿದಿರೆಯ ಆ ಸಭಾಭವನದಲ್ಲಿ ಮೂರು ತಾಲೂಕುಗಳ ಇಪ್ಪತ್ತೆಂಟು ಜನ ಸೇರಿದ್ದರು. ಸಾಮಾನ್ಯರಲ್ಲ ಇವರು. ಐದು ಸಾವಿರ ಜನ ಒಟ್ಟಿಗೆ ಬೊಬ್ಬೆ ಹೊಡೆದರೂ ರೆಪ್ಪೆ ಮಿಟುಕಿಸದವರು; ಸೋತ ತಂಡದವರು ಹನ್ನೆರಡು ಬೈಕುಗಳಲ್ಲಿ ಅಟ್ಟಿಸಿಕೊಂಡು ಬಂದಾಗಲೂ ದಾರಿಯಲ್ಲಿ ಇಳಿದು ಚಹಾ ಕುಡಿದು, ಅಟ್ಟಿಸಿಕೊಂಡು ಬಂದವರಿಗೂ ಕುಡಿಸಿ ಮನೆಗೆ ಹೋದವರು. ಅಂಥ ಮಹಾಶೂರರು ಅರ್ಧ ಹಾಳೆಯ ಮುಂದೆ ಕುಳಿತು ಎಷ್ಟು ಬೆವರಿದ್ದರೆಂದರೆ, ಹೊರಗೆ ಕಾರ್ತಿಕದ ಬಿಸಿಲಿದ್ದರೂ ಒಳಗೆ ಮಾತ್ರ ಆಟಿ ತಿಂಗಳ ಮಳೆ.

ಬಂಟ್ವಾಳದ ಇಬ್ರಾಹಿಂ ಖಲೀಲ್ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದ್ದ. ಒಂದು, ಅಂತಾರಾಷ್ಟ್ರೀಯ ತೀರ್ಪುಗಾರನಾಗುವುದು. ಎರಡು, ಹೊಟ್ಟೆ ಕರಗಿಸುವುದು. ಮೂರು, ಎರಡನೆಯದ್ದು ಆಗದಿದ್ದರೆ ಒಂದನೆಯದ್ದನ್ನು ಬಿಟ್ಟುಬಿಡುವುದು. ಕುಸುಮ ಮೇಡಂ ಮೊದಲನೆಯದರ ಮೇಲೆ ಗೀಟು ಎಳೆದರು.

"ಅಳೆಯಲಿಕ್ಕೆ ಆಗುವಂಥದ್ದನ್ನು ಬರೆಯಬೇಕು. ವರ್ಷದ ಕೊನೆಗೆ ಆಯಿತಾ ಇಲ್ಲವಾ ಅಂತ ನಿಮಗೇ ಗೊತ್ತಾಗಬೇಕು."

"ಹಾಗಾದರೆ ಹೊಟ್ಟೆ ಇರಲಿ ಮೇಡಂ," ಎಂದ ಖಲೀಲ್. "ಅದನ್ನು ಅಳೆಯಬಹುದು. ಟೇಪು ಸಾಲದಿದ್ದರೆ ಸರ್ವೆಯವರನ್ನು ಕರೆಯುವ."

ಕುಸುಮ ಮೇಡಂ ಮೂವತ್ತೈದು ವರ್ಷ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಈಗಲೂ ಸೀರೆ ಉಟ್ಟು ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಾರೆ. ನಗುವವರಿದ್ದರೆ ನಕ್ಕು ಮುಗಿಸಲಿ ಎಂದು ಕಾಯುವ ಅಭ್ಯಾಸ ಅವರಿಗಿತ್ತು. ಕಾದು, ಕೊನೆಗೆ ಹೇಳಿದರು: "ರಾಜ್ಯ ಪ್ಯಾನೆಲಿಗೆ ಈ ಸಲ ನಮ್ಮ ಕಡೆಯಿಂದ ಒಂದು ಹೆಸರು ಕಳಿಸ್ತೇವೆ. ಜನವರಿಯಲ್ಲಿ ಬಂಟ್ವಾಳದ ಫೈನಲ್ ನಡೆಸುವವರದ್ದು. ಅದು ರುಕ್ಮಯ್ಯ. ಐವತ್ತು ದಾಟಿದ ಮೇಲೆ ಪ್ಯಾನೆಲ್ ಇಲ್ಲ, ಅವರಿಗೆ ಮಾರ್ಚಿಗೆ ಐವತ್ತು. ಆದರೆ ಫೈನಲಿನಲ್ಲಿ ಯಾವ ತಂಡವಾದರೂ ಲಿಖಿತ ಆಕ್ಷೇಪಣೆ ಕೊಟ್ಟರೆ ಹೆಸರು ಹೋಗುವುದಿಲ್ಲ. ಗೊತ್ತುಂಟಲ್ಲ?"

ಗೊತ್ತುಂಟು ಎಂದು ರುಕ್ಮಯ್ಯ ತಲೆ ಆಡಿಸಿದ. ಗೊತ್ತಿಲ್ಲದೆ ಏನು, ಇಪ್ಪತ್ತೆರಡು ವರ್ಷದಿಂದ ಅದೊಂದಕ್ಕೇ ಕಾದಿದ್ದವನು.

ರುಕ್ಮಯ್ಯನ ಪರಿಚಯವಿಲ್ಲದವರು ನಮ್ಮ ಕಡೆ ಇಲ್ಲ; ಇದ್ದರೆ ಅವರು ನಿನ್ನೆ ಹುಟ್ಟಿದವರು. ಚಾರ್ಮಾಡಿಯ ಹತ್ತಿರದ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವನ ಉದ್ಯೋಗ. ಭಾನುವಾರ ಬಂತೆಂದರೆ ಬಿಳಿ ಟೀ ಶರ್ಟು ಹಾಕಿ, ಕುತ್ತಿಗೆಗೆ ವಿಸಿಲ್ ನೇತುಹಾಕಿ, ಎಲ್ಲಿ ಕಬಡ್ಡಿಯೋ ಅಲ್ಲಿ. ಅವನು ವಿಸಿಲ್ ಊದಿದರೆ ಘಾಟಿಯ ಏಳನೆಯ ತಿರುವಿನಲ್ಲಿ ಇಳಿಯುತ್ತಿರುವ ಲಾರಿಗಳು ಬ್ರೇಕ್ ಹಾಕುತ್ತವೆ. ಹಾಕಿದ್ದನ್ನು ಕಣ್ಣಾರೆ ಕಂಡವರು ಕಕ್ಕಿಂಜೆಯಲ್ಲಿದ್ದಾರೆ, ಅನುಮಾನವಿದ್ದವರು ಹೋಗಿ ಕೇಳಬಹುದು.

ಅವನಲ್ಲಿ ಒಂದೇ ಒಂದು ದೋಷ. ಆದರೆ ಆ ಒಂದು ಇಡೀ ಜಿಲ್ಲೆಗೆ ಸಾಕಾಗುವಷ್ಟು ದೊಡ್ಡದು. ಯಾರ ಮುಖ ಬಾಡಿದರೂ ಅವನಿಂದ ನೋಡಲಿಕ್ಕಾಗುವುದಿಲ್ಲ. ಅವನ ಮದುವೆಯ ದಿನ ಎಡಗಡೆಯ ಪಂಕ್ತಿಗೆ ಹೋಳಿಗೆ ಕಡಿಮೆಯಾಯಿತೆಂದು, ಮದುಮಗನೇ ಎದ್ದು ಬಲಗಡೆಯ ಪಂಕ್ತಿಯ ಎಲೆಗಳಿಂದ ಒಂದೊಂದು ಹೋಳಿಗೆ ವಾಪಸು ತೆಗೆದಿದ್ದ. ಇಂದಿಗೂ ಮನೆಯಲ್ಲಿ ಮಗ ಮನ್ವಿತ್‌ಗೆ ಬೈದರೆ, ಅವನು ಬೇಸರ ಮಾಡಿಕೊಂಡಾನೆಂದು ಏನೂ ತಪ್ಪು ಮಾಡದ ಮಗಳು ಸುಪ್ರೀತಾಳನ್ನೂ ಕರೆದು ಎರಡು ಮಾತು ಬೈಯುತ್ತಾನೆ. ಅಂಕಣದಲ್ಲಿಯೂ ಹಾಗೆಯೇ. ಒಂದು ತಂಡಕ್ಕೆ ತಪ್ಪು ತೀರ್ಪು ಕೊಟ್ಟೆನೆಂದು ಗೊತ್ತಾದರೆ, ನಾಲ್ಕು ರೈಡುಗಳ ಒಳಗೆ ಅದೇ ತಂಡಕ್ಕೆ ಇಲ್ಲದ ಒಂದು ಅಂಕ ಕೊಟ್ಟು ಸಮ ಮಾಡಿಬಿಡುತ್ತಾನೆ.

ಇದಕ್ಕೆ 'ರುಕ್ಮಯ್ಯಣ್ಣನ ಪ್ರಸಾದ' ಎಂದು ಹೆಸರಿಟ್ಟವನು ಖಲೀಲ್. ಹೆಸರು ಎಷ್ಟು ನಿಂತಿತೆಂದರೆ ತಂಡದವರು ಅದನ್ನು ಲೆಕ್ಕ ಹಿಡಿದೇ ಆಡುತ್ತಿದ್ದರು. ತಮ್ಮ ಮೇಲೆ ತಪ್ಪು ತೀರ್ಪು ಬಿದ್ದರೆ ಯಾರೂ ಜಗಳ ಮಾಡುತ್ತಿರಲಿಲ್ಲ. ಕೋಚ್ ಹೊರಗಿನಿಂದ "ಪ್ರಸಾದ ಉಂಟು, ಪ್ರಸಾದ ಉಂಟು" ಎಂದು ಹೇಳಿದರೆ ರೈಡರ್ ಹೋಗಿ ಬೋನಸ್ ಗೆರೆಯ ಹತ್ತಿರ ಹೇಗೋ ಒಂದು ಕಾಲು ಆಡಿಸುತ್ತಿದ್ದ. ಬೋನಸ್ ಅಂಕ ಕೊಟ್ಟೆನೆಂದು ರುಕ್ಮಯ್ಯನ ಹೆಬ್ಬೆರಳು ಮೇಲೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ವಿರುದ್ಧ ಒಂದು ಆಕ್ಷೇಪಣೆ ಬಂದದ್ದಿಲ್ಲ. ಜಗತ್ತಿನ ಯಾವ ತೀರ್ಪುಗಾರನಿಗೂ ಇಲ್ಲದ ದಾಖಲೆ ಅದು.

ಅವನು ಬರೆದ ಮೊದಲಿನ ಎರಡು ಗುರಿಗಳು ಹೀಗಿದ್ದವು. ಒಂದು: ಹಾಲು ಅಳೆಯುವ ಮೊದಲು ದಿನಾ ಎರಡು ಕಿಲೋಮೀಟರ್ ಓಡುವುದು. ಎರಡು: ಆಟಗಾರನ ಮುಖ ನೋಡಬಾರದು, ಕಾಲು ನೋಡಬೇಕು.

ಮೂರನೆಯದ್ದು ಏನೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬರೆದರೆ ಮಾಡಬೇಕಾಗುತ್ತದಲ್ಲ ಎಂಬ ಅಂಜಿಕೆ. ಖಾಲಿ ಸಾಲಿನ ಕಾಗದವನ್ನು ಮಡಚಿ ಕಿಸೆಗೆ ಹಾಕಿ ಬಸ್ಸು ಹತ್ತಿದ.

*

ಓಟದ ಮೊದಲ ಬೆಳಿಗ್ಗೆ, ಐವತ್ತರ ಅಂಚಿನ ಗಂಡಸು ದಾರಿಯಲ್ಲಿ ಏದುಸಿರು ಬಿಡುತ್ತ ಓಡುವುದನ್ನು ಕಂಡು ಆನೆ ಅಟ್ಟಿಸಿಕೊಂಡು ಬಂತೆಂದು ತಿಳಿದು ಒಂಬತ್ತು ಮನೆಯವರು ಬಾಗಿಲು ಹಾಕಿಕೊಂಡರು. ಸೊಸೈಟಿಗೆ ಹಾಲು ತರುತ್ತಿದ್ದ ಸುಬ್ಬಪ್ಪ ಕ್ಯಾನನ್ನು ರಸ್ತೆಯಲ್ಲಿಯೇ ಬಿಟ್ಟು ಹಲಸಿನ ಮರ ಹತ್ತಿದ. ಮಧ್ಯಾಹ್ನ ಊಟಕ್ಕೆ ಇಳಿದ ಎನ್ನುತ್ತಾರೆ. ವಾರ ಕಳೆಯುವಾಗ ಎಲ್ಲರಿಗೂ ರೂಢಿಯಾಯಿತು. ರುಕ್ಮಯ್ಯ ಹೋದ ಮೇಲೆ ಗಡಿಯಾರಕ್ಕೆ ಕೀ ಕೊಡುವವರೂ ಇದ್ದರು.

ಎರಡನೆಯ ಗುರಿಯ ಪರಿಣಾಮ ಇನ್ನೂ ದೊಡ್ಡದು. ಕಾಲು ನೋಡಿ ನೋಡಿ ಅವನಿಗೆ ಮುಖಗಳೇ ಮರೆತುಹೋದವು. ಸೊಸೈಟಿಗೆ ಬಂದವರನ್ನು ತಲೆ ಎತ್ತದೆ, ಹಿಮ್ಮಡಿಯ ಬಿರುಕು ನೋಡಿ ಹೆಸರು ಹಿಡಿದು ಕರೆಯುತ್ತಿದ್ದ. ಧರ್ಮಸ್ಥಳದ ಬಸ್ಸಿನಲ್ಲಿ ಎದುರು ಕುಳಿತ ಸ್ವಂತ ಭಾವನಿಗೆ, ಅವನು ಹೊಸ ಚಪ್ಪಲಿ ಹಾಕಿದ್ದನೆಂಬ ಒಂದೇ ಕಾರಣಕ್ಕೆ, "ನಿಮಗೆ ಯಾವ ಊರಾಯಿತು?" ಎಂದು ಕೇಳಿದ.

ಮೂರನೆಯದ್ದನ್ನು ಬರೆಸಿದವಳು ಸುಪ್ರೀತಾ. ದೈಹಿಕ ಶಿಕ್ಷಣದ ಕೋರ್ಸು ಓದುತ್ತಿದ್ದ ಅವಳು ಅಪ್ಪ ನಡೆಸಿದ ಆರು ಪಂದ್ಯಗಳ ವಿಡಿಯೋಗಳನ್ನು ಯಾರ್ಯಾರದೋ ಫೋನಿನಿಂದ ತರಿಸಿಕೊಂಡಿದ್ದಳು. ಕಬಡ್ಡಿಯಿಲ್ಲದ ಒಂದು ಭಾನುವಾರದ ಮಧ್ಯಾಹ್ನ, ಊಟದ ಮೇಲೆ, ಜಗಲಿಯಲ್ಲಿ ಅಪ್ಪನ ಪಕ್ಕ ಕುಳಿತು ಒಂದೊಂದಾಗಿ ತೋರಿಸಿದಳು.

"ಇಲ್ಲಿ ನೋಡಿ ಅಪ್ಪ. ಇದು ತಪ್ಪು. ನಿಮಗೆ ಗೊತ್ತಾಗಿದೆ, ಮುಖ ನೋಡಿ ನಿಮ್ಮದು. ಈಗ ಮೂರನೆಯ ರೈಡು. ಇಗೋ, ಕೊಟ್ಟಾಯಿತು ಪ್ರಸಾದ."

"ಸಮ ಆಯಿತಲ್ಲ."

"ಎಲ್ಲಿ ಸಮ? ಮೊದಲು ಒಂದು ತಪ್ಪು ಇತ್ತು. ಈಗ ಎರಡು."

"ನಿನಗೆ ಗೊತ್ತಾಗುವುದಿಲ್ಲ. ಎರಡೂ ಕಡೆಯವರು ನಗಾಡಿಕೊಂಡು ಮನೆಗೆ ಹೋದರು."

ಸುಪ್ರೀತಾ ವಿಡಿಯೋ ನಿಲ್ಲಿಸಿದಳು. "ಸುಬ್ಬಪ್ಪಣ್ಣನ ಹಾಲಿಗೆ ನೀವು ನಿನ್ನೆ ತಪ್ಪಿ ಕಡಿಮೆ ಬರೆದಿದ್ದೀರಿ ಅಂತ ಇಟ್ಟುಕೊಳ್ಳುವ. ಇವತ್ತು ಅವರು ನೀರು ಹಾಕಿ ತಂದರೆ ಒಳ್ಳೆಯ ಹಾಲು ಅಂತ ಬರೀತೀರಾ?"

"ಛೆ. ಅದು ಹಾಲು."

"ಇದು?"

ಒಳಗಿನಿಂದ ಹೆಂಡತಿ ವಾರಿಜಾಕ್ಷಿ ಹೇಳಿದಳು: "ಅವಳು ಕೇಳುವುದರಲ್ಲಿ ತಪ್ಪುಂಟಾ? ಹೋದ ವಾರ ಮನ್ವಿತ್ ಗ್ಲಾಸು ಒಡೆದದ್ದಕ್ಕೆ ಇವಳಿಗೂ ಬೈದಿರಿ. ಗ್ಲಾಸು ಎಂತ ಎರಡು ಒಡೆದಿತ್ತಾ?"

ರುಕ್ಮಯ್ಯ ಜಗಲಿಯಿಂದ ಎದ್ದ. ಸಂಜೆ ಸೊಸೈಟಿಗೆ ಹೋದ. ಗಾಜಿನ ಜಾಡಿಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು, ಅದು ಮೇಲೆ ಕೆಳಗೆ ತೇಲಿ ನಿಲ್ಲುವುದನ್ನೇ ನೋಡುತ್ತಿದ್ದ. ನಿಲ್ಲುವ ತನಕ ಅದಕ್ಕೆ ಯಾರ ಅವಸರವೂ ಇರಲಿಲ್ಲ. ನಿಂತ ಮೇಲೆ ಯಾರ ಮುಖವನ್ನೂ ಅದು ನೋಡುತ್ತಿರಲಿಲ್ಲ. ಸರದಿಯಲ್ಲಿ ಹದಿನಾರು ಜನ ಕಾದರು. ಹದಿನಾರನೆಯವನ ಹಾಲು ಮೊಸರಾಯಿತೆಂದು ಹೇಳುವವರಿದ್ದಾರೆ, ಅಷ್ಟು ಹೊತ್ತು. ಎಲ್ಲರೂ ಹೋದ ಮೇಲೆ ಕಿಸೆಯ ಕಾಗದ ಬಿಡಿಸಿ ಬರೆದ: ತಪ್ಪಾದರೆ ಸಮ ಮಾಡಲು ಹೋಗಬಾರದು.

ಡಿಸೆಂಬರಿನಲ್ಲಿ ಉಜಿರೆಯ ಕಡೆ ಒಂದು ಸಣ್ಣ ಪಂದ್ಯಾಟದಲ್ಲಿ ಮೊದಲ ಪರೀಕ್ಷೆಯಾಯಿತು. ತಪ್ಪಿದ, ಸಮ ಮಾಡಲಿಲ್ಲ. ಆ ತಂಡ ಹೇಗೂ ಹತ್ತು ಅಂಕದಿಂದ ಗೆದ್ದಿತು, ಯಾರೂ ಏನೂ ಅನ್ನಲಿಲ್ಲ. ಆದರೂ ಅವನಿಗೆ ಊಟ ಸೇರಲಿಲ್ಲ. ಇಷ್ಟು ವರ್ಷ ತಾನು ಕೊಟ್ಟ ಪ್ರಸಾದವನ್ನು ಹೆಚ್ಚು ತಿಂದವನು ತಾನೇ ಎಂಬುದು ಆ ದಿನ ಅವನಿಗೆ ಹೊಳೆಯಿತು. ಸಮ ಮಾಡಿದರೆ ತಪ್ಪು ಮರೆತುಹೋಗುತ್ತಿತ್ತು. ಈಗ ಅದು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿಯೇ ಕುಳಿತು ಮನೆಯ ತನಕ ಬಂತು.

*

ಬಂಟ್ವಾಳದ ಫೈನಲ್ ಜನವರಿಯ ಎರಡನೆಯ ಭಾನುವಾರ, ಸಂಜೆ ನಾಲ್ಕಕ್ಕೆ. ಮೂಡುಬಿದಿರೆಗೂ ಕಲ್ಲಡ್ಕಕ್ಕೂ. ನೀರು ಚಿಮುಕಿಸಿ ಹದ ಮಾಡಿದ ಕೆಮ್ಮಣ್ಣಿನ ಅಂಕಣ, ಸುಣ್ಣದ ಗೆರೆಗಳು. ಅವತ್ತು ಸೇರಿದ್ದ ಜನ ನೇತ್ರಾವತಿಯ ಒಂದು ದಡದಲ್ಲಿ ನಿಂತು ಒಂದೊಂದು ಬೊಗಸೆ ನೀರು ಕುಡಿದಿದ್ದರೆ ಮಂಗಳೂರಿಗೆ ಆ ವಾರ ಕುಡಿಯಲು ನೀರಿರುತ್ತಿರಲಿಲ್ಲ. ಶಾಮಿಯಾನದ ಕೆಳಗಿನ ಮೇಜಿನ ಹಿಂದೆ ಕುಸುಮ ಮೇಡಂ ಪ್ಯಾಡು ಹಿಡಿದು ಕುಳಿತಿದ್ದರು.

ಅಂಕಣದ ಒಂದು ಬದಿಗೆ ರುಕ್ಮಯ್ಯ, ಇನ್ನೊಂದು ಬದಿಗೆ ಖಲೀಲ್.

"ರುಕ್ಮಯ್ಯಣ್ಣ, ಇವತ್ತು ಪ್ರಸಾದ ಉಂಟಾ, ಬರೀ ತೀರ್ಥವಾ?" ಎಂದು ಖಲೀಲ್ ಪಂದ್ಯಕ್ಕೆ ಮೊದಲು ಕೇಳಿದ.

"ನಿನ್ನ ಹೊಟ್ಟೆ ಎಷ್ಟು ಕರಗಿತು?"

"ಅದು ಕರಗಲಿಲ್ಲ. ಟೇಪು ಉದ್ದದ್ದು ತಂದೆ."

ಮೂವತ್ತಮೂರು ನಿಮಿಷ ಎಲ್ಲವೂ ಹೂವು ಎತ್ತಿದ ಹಾಗೆ ನಡೆಯಿತು. ಎರಡೂ ಕಡೆ ಇಪ್ಪತ್ತಾರು ಅಂಕ. ಕಲ್ಲಡ್ಕದ ಜಿತೇಶ್ ರೈಡಿಗೆ ಬಂದ. ಜಿತೇಶನೆಂದರೆ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಕಲ್ಲಡ್ಕದಿಂದ ಪುತ್ತೂರು ಮುಟ್ಟಬಲ್ಲವನು. ವಾಪಸು ಬರಲು ಮಾತ್ರ ಬಸ್ಸು ಬೇಕು. ಅವನು ಬಲಕ್ಕೆ ನುಗ್ಗಿದ. ಮೂಡುಬಿದಿರೆಯ ನಾಯಕ ಉಜ್ವಲ್ ಮೂಲೆಯಿಂದ ಹಿಂದಕ್ಕೆ ಹಾರಿದ. ಇಬ್ಬರೂ ರುಕ್ಮಯ್ಯನ ಬದಿಯ ಲಾಬಿಯ ಹತ್ತಿರ ಬಂದರು. ಅಂಕಣದ ಎರಡೂ ಬದಿಗೆ ಒಂದೊಂದು ಮೀಟರ್ ಅಗಲದ ಪಟ್ಟಿ ಅದು. ಎದುರಾಳಿಯನ್ನು ಮುಟ್ಟಿದ ಮೇಲೆ ಮಾತ್ರ ಅಲ್ಲಿ ಕಾಲಿಡಬಹುದು. ಮುಟ್ಟದೆ ಇಟ್ಟರೆ ರೈಡರ್ ಔಟ್.

ರುಕ್ಮಯ್ಯ ಕಾಲನ್ನೇ ನೋಡುತ್ತಿದ್ದ. ಮೂರು ತಿಂಗಳಿನಿಂದ ಕಲಿತದ್ದು ಅದು. ಜಿತೇಶನ ಬಲಗಾಲು ಗೆರೆ ದಾಟಿ ಲಾಬಿಯ ಮಣ್ಣಿನಲ್ಲಿ ಊರಿದ್ದು, ಐದು ಬೆರಳೂ ಒಂದೊಂದಾಗಿ ಊರಿದ್ದು ಅವನಿಗೆ ಕಂಡಿತು. ವಿಸಿಲ್ ಊದಿದ. ರೈಡರ್ ಔಟ್.

ಜಿತೇಶ್ ಎರಡೂ ಕೈ ಎತ್ತಿ ನಿಂತ. "ಮುಟ್ಟಿದ್ದೇನೆ ಅಣ್ಣ."

ರುಕ್ಮಯ್ಯ ಕೈ ತೋರಿಸಿದ, ಆಟ ಮುಂದುವರಿಯಲಿ. ಮೂಡುಬಿದಿರೆಯ ರೈಡರ್ ಆಗಲೇ ನಡುಗೆರೆ ದಾಟಿದ್ದ. ಹೊಸ ರೈಡು ಶುರುವಾದ ಮೇಲೆ ಹಿಂದಿನ ತೀರ್ಪು ಬದಲಿಸುವ ಹಾಗಿಲ್ಲ. ಆಗ ಉಜ್ವಲ್ ತನ್ನ ಜಾಗಕ್ಕೆ ಹೋಗಲು ಬೆನ್ನು ತಿರುಗಿಸಿದ. ಅವನ ಹಳದಿ ಜೆರ್ಸಿಯ ಪಕ್ಕೆಯ ಮೇಲೆ, ಸೊಂಟದಿಂದ ಒಂದು ಗೇಣು ಮೇಲೆ, ಕೆಮ್ಮಣ್ಣಿನ ನಾಲ್ಕು ಬೆರಳಿನ ಗುರುತು. ಹಸಿಯಾಗಿತ್ತು.

ರುಕ್ಮಯ್ಯನ ಬಾಯಿಯಲ್ಲಿದ್ದ ವಿಸಿಲ್ ಕೆಳಗೆ ಬಿದ್ದು ದಾರದಲ್ಲಿ ತೂಗಿತು.

ಕಲ್ಲಡ್ಕದ ಕೋಚ್ ಶೇಷಪ್ಪನಿಗೂ ಆ ಗುರುತು ಕಂಡಿತ್ತು. ಕಲ್ಲಡ್ಕದಲ್ಲಿ ಹೋಟೆಲು ಇಟ್ಟಿರುವ ಮನುಷ್ಯ. ಹಾಲು ಉಕ್ಕುವ ಮೊದಲೇ ಒಲೆ ಸಣ್ಣ ಮಾಡುವ ಜಾತಿ. ಕೂಗಾಡುತ್ತಿದ್ದ ಹುಡುಗರನ್ನು ಕೈ ಅಡ್ಡ ಹಿಡಿದು ತಡೆದ. "ಸುಮ್ಮನಿರಿ ಮಾರಾಯ್ರೆ. ಬೊಬ್ಬೆ ಎಂತಕ್ಕೆ? ಈಗ ಪ್ರಸಾದ ಉಂಟು." ಹುಡುಗರು ಸುಮ್ಮನಾದರು. ಕೆಲವರು ನಕ್ಕರು ಕೂಡ.

ಮತ್ತೆ ಒಂದು ಕಡೆ ಒಂದು, ಇನ್ನೊಂದು ಕಡೆ ಒಂದು ಎಂದು ಅಂಕ ಏರಿತು. ಕಲ್ಲಡ್ಕದವರು ಒಬ್ಬನನ್ನು ಹಿಡಿದರು, ಜಿತೇಶ್ ಒಳಗೆ ಬಂದ. ಕೊನೆಯ ನಿಮಿಷಕ್ಕೆ ಮೂಡುಬಿದಿರೆ ಇಪ್ಪತ್ತೊಂಬತ್ತು, ಕಲ್ಲಡ್ಕ ಇಪ್ಪತ್ತೆಂಟು. ಕೊನೆಯ ರೈಡು ಜಿತೇಶನದು. ಎದುರಿಗೆ ಏಳೂ ಜನ.

"ಬೋನಸಿಗೆ ಹೋಗು," ಎಂದ ಶೇಷಪ್ಪ, ದೊಡ್ಡ ದನಿಯೇನೂ ಅಲ್ಲ, ಅಂಗಡಿಯಲ್ಲಿ ಇನ್ನೊಂದು ಚಹಾ ಹೇಳಿದ ಹಾಗೆ. "ಕಾಲು ಹಾಕಿದರೆ ಸಾಕು. ಸಿಗ್ತದೆ."

ಒಂದು ಬೋನಸ್ ಅಂಕ ಸಿಕ್ಕರೆ ಪಂದ್ಯ ಸಮ. ಇನ್ನೂ ಹತ್ತು ನಿಮಿಷ ಆಡಿಸುತ್ತಾರೆ. ಯಾರೂ ಸೋತ ಹಾಗೆ ಆಗುವುದಿಲ್ಲ, ಯಾರೂ ಕಾಗದ ಪೆನ್ನು ಕೇಳುವುದಿಲ್ಲ. ಮುಟ್ಟಿದ್ದು ನಿಜವೇ ಆಗಿತ್ತಲ್ಲ, ಇದು ಅವರದ್ದೇ ಅಂಕ ಅವರಿಗೇ ಹೋದ ಹಾಗೆ. ಇಷ್ಟೆಲ್ಲ ಯೋಚನೆ ಜಿತೇಶ್ ನಡುಗೆರೆಯಿಂದ ಮೂರು ಹೆಜ್ಜೆ ಇಡುವುದರೊಳಗೆ ರುಕ್ಮಯ್ಯನ ತಲೆಯಲ್ಲಿ ಮುಗಿದಿತ್ತು. ಶಾಮಿಯಾನದ ಕಡೆ ನೋಡಬೇಕೆನಿಸಿತು. ನೋಡಲಿಲ್ಲ. ಕಾಲು ನೋಡಿದ.

ಜಿತೇಶನ ಎಡಗಾಲು ಬೋನಸ್ ಗೆರೆಯಾಚೆ ಹೋಗಿ ಊರಿತು. ಊರುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಹಿಂದಿನ ಕಾಲಿನ ಹೆಬ್ಬೆರಳು ಮಣ್ಣಿನಲ್ಲಿಯೇ ಇತ್ತು. ಒಂದು ಗೋಧಿ ಕಾಳಿನಷ್ಟು. ಬಲಕ್ಕೆ ಎಳೆದುಕೊಂಡು ಹೋದ ಸಣ್ಣ ಗೀರು ಕೂಡ ಬಿತ್ತು. ಮೂರು ತಿಂಗಳ ಹಿಂದಿನ ರುಕ್ಮಯ್ಯನಿಗೆ ಅದು ಕಾಣುತ್ತಿರಲಿಲ್ಲ. ಕಾಣದಿದ್ದರೆ ಎಷ್ಟು ಸುಖವಿತ್ತು.

ಜಿತೇಶ್ ವಾಪಸು ನಡುಗೆರೆ ದಾಟಿ, ತಿರುಗಿ, ಅವನ ಮುಖ ನೋಡಿದ. ಇಡೀ ಕಲ್ಲಡ್ಕ ಅವನ ಹೆಬ್ಬೆರಳು ನೋಡಿತು.

ರುಕ್ಮಯ್ಯ ಎರಡೂ ಅಂಗೈಗಳನ್ನು ಎದೆಯ ಮುಂದೆ ಅಡ್ಡ ಆಡಿಸಿದ. ಬೋನಸ್ ಇಲ್ಲ. ಉದ್ದದ ವಿಸಿಲ್ ಊದಿದ. ಪಂದ್ಯ ಮುಗಿಯಿತು.

*

ಆಮೇಲೆ ಎದ್ದ ಗದ್ದಲವನ್ನು ವರ್ಣಿಸಲು ಹೋದರೆ ನಂಬುವುದಿಲ್ಲ. ನಾಲ್ಕು ಕುರ್ಚಿಗಳು ಹಾರಿದವು ಎಂದರೆ ಸಾಕು; ಒಂದು ಇನ್ನೂ ಕೆಳಗೆ ಬಿದ್ದಿಲ್ಲ ಎನ್ನುತ್ತಾರೆ. ಖಲೀಲ್ ತನ್ನ ಕರಗದ ಹೊಟ್ಟೆಯನ್ನು ಅಡ್ಡ ಹಿಡಿದು ರುಕ್ಮಯ್ಯನನ್ನು ಶಾಮಿಯಾನದ ತನಕ ತಂದ. ಗೋಡೆ ಕಟ್ಟಿದರೂ ಅಷ್ಟು ಗಟ್ಟಿ ನಿಲ್ಲುತ್ತಿರಲಿಲ್ಲ.

"ಕೊಟ್ಟುಬಿಡುವುದಲ್ಲವಾ?" ಎಂದ ಮೆಲ್ಲಗೆ. "ನಿಮ್ಮ ಹೆಸರಿನ ಪ್ರಶ್ನೆ ಇತ್ತು."

"ಕಾಲು ಎತ್ತಲಿಲ್ಲ ಅವ."

"ನನಗೆ ಗೊತ್ತುಂಟು ಎತ್ತಲಿಲ್ಲ ಅಂತ. ನಾನು ಕೇಳಿದ್ದು ಅದಲ್ಲ."

ಶೇಷಪ್ಪ ಆಗಲೇ ಮೇಜಿನ ಹತ್ತಿರ ನಿಂತಿದ್ದ. ಅವನಿಗೆ ಸಿಟ್ಟಿಗಿಂತ ಹೆಚ್ಚು ಆಶ್ಚರ್ಯ, ಇಷ್ಟು ವರ್ಷ ಬರುತ್ತಿದ್ದ ಬಸ್ಸು ಇವತ್ತು ನಿಲ್ಲಿಸದೆ ಹೋದ ಹಾಗೆ. "ಒಂದು ಕಾಗದ ಕೊಡಿ ಮೇಡಂ," ಎಂದ. ಕುಸುಮ ಮೇಡಂ ಪ್ಯಾಡಿನಿಂದ ಒಂದು ಹಾಳೆ ಹರಿದು ಕೊಟ್ಟರು. ಶೇಷಪ್ಪ ಕುಳಿತು ದಿನಾಂಕ ಹಾಕಿದ. ವಿಷಯ ಎಂದು ಬರೆದ. 'ಕೊನೆಯ ರೈಡಿನಲ್ಲಿ ನಮ್ಮ ಆಟಗಾರನಿಗೆ ಬೋನಸ್' ಎನ್ನುವ ತನಕ ಬಂದಿದ್ದ.

"ಶೇಷಪ್ಪಣ್ಣ," ಎಂದ ರುಕ್ಮಯ್ಯ. "ಬೋನಸ್ ಅಂತ ಬರೆಯಬೇಡಿ. ಅದು ನಿಲ್ಲುವುದಿಲ್ಲ."

"ಎಂತದು?"

"ಬೋನಸ್ ಆಗಿರಲಿಲ್ಲ. ಮೂವತ್ತನಾಲ್ಕನೆಯ ನಿಮಿಷದ ಲಾಬಿ ಅಂತ ಬರೆಯಿರಿ. ಜಿತೇಶ್ ಮುಟ್ಟಿದ್ದ. ನಾನು ಕಾಲು ನೋಡಿದೆ, ಕೈ ನೋಡಲಿಲ್ಲ. ಉಜ್ವಲನ ಜೆರ್ಸಿಯಲ್ಲಿ ಬೆರಳಿನ ಗುರುತು ಉಂಟು. ಒಗೆಯುವ ಮೊದಲು ಒಂದು ಫೋಟೋ ತೆಗೆಸಿ."

ಶೇಷಪ್ಪ ಪೆನ್ನು ಹಿಡಿದುಕೊಂಡೇ ಅವನನ್ನು ನೋಡಿದ. ಸುತ್ತ ನಿಂತವರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ನೀವೇ ಹೀಗೆ ಹೇಳಿದರೆ ನಾನು ಹೇಗೆ ಬರೆಯುವುದು ಮಾರಾಯ್ರೆ?"

"ಬರೆಯಿರಿ."

"ನಿಮ್ಮ ಪ್ಯಾನೆಲ್?"

"ಅದು ನಿಮ್ಮ ಕಾಗದದಲ್ಲಿ ಬರುವುದಿಲ್ಲ."

ಶೇಷಪ್ಪ ಜಿತೇಶನ ಕಡೆ ನೋಡಿದ. ಜಿತೇಶ್ ಮಂಡಿಗೆ ಅಂಟಿದ ಮಣ್ಣು ಕೆರೆಯುತ್ತ ನಿಂತಿದ್ದ. ಎರಡು ವರ್ಷಗಳಿಂದ ಈ ಕಪ್ಪಿಗಾಗಿ ಆಡಿದ ಎಂಟು ಹುಡುಗರು ಅವನ ಹಿಂದೆ ಇದ್ದರು. ಕೆಲವರು ಅಳುತ್ತಿದ್ದರು. ಶೇಷಪ್ಪ ಬರೆದ ಸಾಲಿನ ಮೇಲೆ ಗೀಟು ಎಳೆದು, ಕೆಳಗೆ ಹೊಸ ಸಾಲು ಬರೆದ. ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಬರೆದ. ಅಡಿಯಲ್ಲಿ ತೀರ್ಪುಗಾರನ ಸಹಿಗೂ ಜಾಗ ಬಿಡಬೇಕು. ಬಿಟ್ಟ.

ಕುಸುಮ ಮೇಡಂ ಹಾಳೆಯನ್ನು ಎರಡು ಸಲ ಓದಿದರು. "ಇವತ್ತು ನಿಮ್ಮದು ಎಷ್ಟು ತಪ್ಪು ರುಕ್ಮಯ್ಯ?"

"ಒಂದು ಮೇಡಂ."

"ನನ್ನ ಲೆಕ್ಕದಲ್ಲಿಯೂ ಒಂದು."

ಅವರು ಪೆನ್ನು ಮುಂದೆ ಮಾಡಿದರು. ರುಕ್ಮಯ್ಯ ಸಹಿ ಹಾಕಿದ. ಹಾಕಿದ ಮೇಲೆ ಮೇಡಂ ಹಾಳೆಯನ್ನು ಪ್ಯಾಡಿನ ಒಳಗಿಟ್ಟು, ಬಗ್ಗಿ ತಮ್ಮ ಶೂವಿನ ದಾರ ಕಟ್ಟಿಕೊಂಡರು. ಕಟ್ಟುವಂಥದ್ದು ಏನೂ ಇರಲಿಲ್ಲ.

ಕಲ್ಲಡ್ಕದವರ ವ್ಯಾನು ಹೊರಡುವಾಗ ರುಕ್ಮಯ್ಯ ಗೇಟಿನ ಬಳಿ ಬಸ್ಸಿಗೆ ಕಾದಿದ್ದ. ಹುಡುಗರು ಒಬ್ಬೊಬ್ಬರಾಗಿ ಅವನನ್ನು ದಾಟಿಕೊಂಡು ಹೋದರು. ಯಾರೂ ಬೈಯಲಿಲ್ಲ. ಅವರ ಮುಖ ನೋಡಬಾರದೆಂದು ಅವನು ಕಾಲು ನೋಡಲಿಲ್ಲ. ಆ ದಿನ ಮುಖಗಳನ್ನೇ ನೋಡಿದ, ಎಂಟನ್ನೂ. ಕೊನೆಗೆ ಬಂದ ಜಿತೇಶ್ ನಿಂತ.

"ಬೋನಸ್ ಇರಲಿಲ್ಲ ಅಂತ ನನಗೆ ಗೊತ್ತಿತ್ತು ಅಣ್ಣ," ಎಂದ.

"ಹೂಂ."

"ಲಾಬಿಯದ್ದು ಗೊತ್ತಾಗಿಯೂ ನೀವು ಕೊಡುವುದಿಲ್ಲ ಅಂತ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬೋನಸಿಗೆ ಹೋಗ್ತಿರಲಿಲ್ಲ. ಮುಟ್ಟಲಿಕ್ಕೇ ಹೋಗ್ತಿದ್ದೆ."

ರುಕ್ಮಯ್ಯ ಹಿಂದಿನ ಪಂದ್ಯಗಳನ್ನು ನೆನೆದ. ಇಪ್ಪತ್ತೆರಡು ವರ್ಷ ಯಾವ ಯಾವ ಹುಡುಗರು ಮುಟ್ಟಲಿಕ್ಕೆ ಹೋಗದೆ ಗೆರೆಯ ಹತ್ತಿರ ಕಾಲು ಆಡಿಸಿ ಬಂದಿದ್ದರೋ. ವ್ಯಾನಿನವನು ಹಾರ್ನ್ ಹಾಕಿದ. ಜಿತೇಶ್ ಹೊರಟವನು ಎರಡು ಹೆಜ್ಜೆ ಹಿಂದೆ ಬಂದು, ಅಂಕಣದಲ್ಲಿ ಎದುರಾಳಿಗೆ ಕೈ ಹಾಕುವ ಹಾಗೆ ಅವನ ಭುಜದ ಹಿಂದೆ ಒಮ್ಮೆ ತಟ್ಟಿ, ಓಡಿ ವ್ಯಾನು ಹತ್ತಿದ.

ಮನೆ ಮುಟ್ಟುವಾಗ ಏಳು ಗಂಟೆ. ಸುಪ್ರೀತಾ ಫೋನಿನಲ್ಲಿ ಎಲ್ಲ ನೋಡಿ ಮುಗಿಸಿದ್ದಳು. ಅಪ್ಪನ ಮುಖ ನೋಡಿ ಒಳಗೆ ಹೋಗಿ ಕುಡಿಯಲು ನೀರು ತಂದಿಟ್ಟಳು. ಕಿಸೆಯ ಕಾಗದ ಬೆವರಿಗೆ ಮೆತ್ತಗಾಗಿತ್ತು. ರುಕ್ಮಯ್ಯ ಅದನ್ನು ಬಿಡಿಸಿ, ಆರಲೆಂದು ಕಿಟಕಿಯ ಕಟ್ಟೆಯ ಮೇಲೆ ಹರಡಿ, ಹಾರದ ಹಾಗೆ ವಿಸಿಲನ್ನು ಅದರ ಮೇಲಿಟ್ಟ. ಬಕೆಟ್ಟಿಗೆ ಹಾಕಲೆಂದು ಟೀ ಶರ್ಟು ಕಳಚಿ ವಾರಿಜಾಕ್ಷಿಯ ಕೈಗೆ ಕೊಟ್ಟ.

ಅವಳು ಅದನ್ನು ಬೆಳಕಿಗೆ ಹಿಡಿದಳು. "ಬೆನ್ನಿಗೆ ಎಂತ ಇದು? ಯಾರು ಮುಟ್ಟಿದ್ದು?"

"ಕಾಣ್ತದಾ?"

"ಕಾಣದೆ? ನಾಲ್ಕೂ ಬೆರಳು ಉಂಟು."

ರುಕ್ಮಯ್ಯ ಟೀ ಶರ್ಟನ್ನು ವಾಪಸು ತೆಗೆದುಕೊಂಡ. ದೀಪದ ಕೆಳಗೆ ಮಂಡಿಯ ಮೇಲೆ ಹರಡಿ, ಲ್ಯಾಕ್ಟೋಮೀಟರ್ ನಿಲ್ಲುವುದನ್ನು ಕಾಯುವ ಹಾಗೆ, ಬಹಳ ಹೊತ್ತು ನೋಡುತ್ತ ಕುಳಿತ. ಅವಳು ಬಕೆಟ್ ಹಿಡಿದು ಕಾದಳು. "ಇದನ್ನು ನಾಳೆ ಹಾಕುವ," ಎಂದ.